ಹಿಡ್ಕೋ ಕಣೇ, ದೊಡ್ಡದು ಬಂತು

ನಮ್ಮನೆ ಡ್ರೈವರ್ ಸಾಹೇಬರಿಗೆ,

ಅಕ್ಕನ ಮನೆಯ ಮಹಡಿ ಕಿಟಕಿ ಪಕ್ಕ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀವು "ಹೂಂ" ಅಂದು ಇಟ್ಟುಬಿಡುತ್ತೀರಿ. ಕಾರು ಮಾರುತ್ತೀರಂತೆ, ಭಾನುವಾರ ಮಧ್ಯಾಹ್ನ ಯಾರೋ ನೋಡೋಕೆ ಬರುತ್ತಾರಂತೆ. ಅಕ್ಕನಿಗೆ ಹೇಳಿದಿರಿ, ನನಗೆ ಹೇಳಲಿಲ್ಲ. "ಪಾಪ, ಅವಳ ಸೊಂಟ ಹೋಗ್ತಿದೆ" ಅಂದಿರಂತೆ. ನನ್ನ ಸೊಂಟದ ಸುದ್ದಿ ಊರೆಲ್ಲ ಆಗಬೇಕಿತ್ತೇ?

ಆ ಕಾರನ್ನು ಬೈದಿದ್ದೇನೆ, ಇಲ್ಲ ಅನ್ನುವುದಿಲ್ಲ. ಜೀವಮಾನವೆಲ್ಲ ಆಂಬುಲೆನ್ಸ್ ಓಡಿಸಿ ನಿವೃತ್ತರಾದ ಮನುಷ್ಯ ಹಾಯಾದ ಒಂದು ಗಾಡಿ ತಗೋಬಾರದೇ? ನೆಲಕ್ಕೆ ಹೊಟ್ಟೆ ತಾಗುವ ಹಾಗಿರುವ, ಹುಡುಗರು ರೇಸಿಗೆ ಓಡಿಸುವಂಥ ಕೆಂಪು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದಿರಿ. "ಇಷ್ಟು ವರ್ಷ ಅಲುಗಾಡದ ಹಾಗೆ ಓಡಿಸಿದ್ದಾಯ್ತು, ಒಂದ್ಸಲ ನನಗಿಷ್ಟ ಬಂದದ್ದು ಓಡಿಸ್ತೀನಿ" ಅಂದಿರಿ. ಅದರ ಸೀಟಿಗಿಂತ ಕಲ್ಲುಬೆಂಚೇ ವಾಸಿ. ಕಡಲೆಕಾಯಿ ಸಿಪ್ಪೆ ಮೇಲೆ ಚಕ್ರ ಹೋದರೂ ನನ್ನ ಬೆನ್ನಿಗೆ ಗೊತ್ತಾಗುತ್ತದೆ. ಒಂದು ಸಲ ರಸ್ತೆ ಉಬ್ಬಿನ ಮೇಲೆ ನಾಲಿಗೆ ಕಚ್ಚಿಕೊಂಡು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಿಮಗಂತೂ ಸ್ವರ್ಗ.

ಮೊದಲ ದಿನ ನೆನಪಿದೆಯೇ? ಸಿನಿಮಾಕ್ಕೆ ಹೊರಟಿದ್ದೆವು. ಸೇತುವೆ ಇಳಿಯುವಾಗ ಗಾಡಿ ಎತ್ತಿ ಹಾಕಿತು, "ಅಯ್ಯೋ ಅಮ್ಮಾ, ಸತ್ತೆ!" ಅಂದೆ. ನೀವು ಸೀದಾ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ ತಂದು ನಿಲ್ಲಿಸಿದಿರಿ! ನರಳಾಟ ಕೇಳಿದರೆ ಕೈ ತಾನಾಗಿಯೇ ಅತ್ತ ತಿರುಗುವ ಅಭ್ಯಾಸ ನಿಮಗೆ. ನಿಮ್ಮ ಹಳೆಯ ಜೊತೆಗಾರರು ಸ್ಟ್ರೆಚರ್ ತಳ್ಳಿಕೊಂಡು ಓಡಿಬಂದರು. ನಾನೋ ಪೌಡರ್ ಹಚ್ಚಿಕೊಂಡು, ಸಿನಿಮಾ ಟಿಕೆಟ್ ಹಿಡಿದು ಕೂತಿದ್ದೇನೆ. ನಕ್ಕೂ ನಕ್ಕೂ ಸಾಕಾಯಿತು. ನೀವು ಮಾತ್ರ ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದು ಮತ್ತೆ ಮತ್ತೆ ನಾಡಿ ನೋಡುತ್ತಿದ್ದಿರಿ. ಯಾರ ಯಾರನ್ನೋ ಹೊತ್ತೊಯ್ದಾಗ ಹೆದರದವರು ನನಗೋಸ್ಕರ ಹೆದರಿದ್ದನ್ನು ಅವತ್ತೇ ನೋಡಿದ್ದು.

ಅವತ್ತಿನಿಂದ ಶುರುವಾಯಿತು ನಿಮ್ಮ ಕೂಗು. "ಹಿಡ್ಕೋ ಕಣೇ, ಸಣ್ಣದು." "ಉಸಿರು ಬಿಡು, ದೊಡ್ಡದು ಬಂತು." ಹಿಂದೆ ಮಲಗಿದ ರೋಗಿಗಳಿಗೂ ಹೀಗೇ ಹೇಳುತ್ತಿದ್ದಿರಂತೆ. ಊಟಕ್ಕೆ ಉಪ್ಪಿಲ್ಲದಿದ್ದರೂ ತುಟಿ ಪಿಟಕ್ಕೆನ್ನದ ನೀವು ಆ ಕಾರಿನಲ್ಲಿ ಹಳ್ಳಕ್ಕೊಂದು ಮಾತಾಡುತ್ತೀರಿ. ಯಾವುದೋ ತಿರುವು ಬಂದರೆ ಅಲ್ಲಿ ಗಾಡಿಯಲ್ಲೇ ಹೆರಿಗೆಯಾದ ಹೆಂಗಸಿನ ಕಥೆ, ಆ ಮಗು ಈಗ ಔಷಧಿ ಅಂಗಡಿ ಇಟ್ಟಿರುವ ಕಥೆ. ಮದುವೆಯಾದಾಗಿನಿಂದ ಕೇಳದ್ದನ್ನೆಲ್ಲ ಕೇಳಿದೆ.

ಆಮೇಲೆ ಇಳಿಯುವುದು. ಆ ಪಾತಾಳದ ಸೀಟಿನಿಂದ ನನ್ನಷ್ಟಕ್ಕೆ ನಾನು ಏಳೋಕಾಗಲ್ಲ. ನೀವು ಸುತ್ತಿ ಬಂದು, ಎರಡೂ ಕೈ ಕೊಟ್ಟು, "ಏಳು ಮಹಾರಾಣಿ" ಅಂತ ಎಬ್ಬಿಸುತ್ತೀರಿ. ತರಕಾರಿ ಮಾರ್ಕೆಟ್ಟಿನ ಮುಂದೆ, ಬ್ಯಾಂಕಿನ ಮುಂದೆ, ಎಲ್ಲರೆದುರಿಗೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲಾಮೇಲೆ, ನಿಜ ಹೇಳ್ತೀನಿ, ಏಳೋಕಾಗುವ ದಿನವೂ ಸುಮ್ಮನೆ ಕೂತಿರುತ್ತಿದ್ದೆ.

ಇಲ್ಲಿಗೆ ಭಾವನ ದೊಡ್ಡ ಕಾರಿನಲ್ಲಿ ಬಂದೆ. ಹಾಸಿಗೆ ಮೇಲೆ ಮಲಗಿದ ಹಾಗಿತ್ತು. ಹಳ್ಳ ಎಲ್ಲಿ ಬಂತು, ಎಲ್ಲಿ ಹೋಯಿತು, ಗೊತ್ತೇ ಆಗಲಿಲ್ಲ. ಯಾರೂ ಏನೂ ಹೇಳಲೂ ಇಲ್ಲ. ಬಾಗಿಲು ತೆಗೆದಾಗ ಅಭ್ಯಾಸಬಲದಿಂದ ಎರಡೂ ಕೈ ಚಾಚಿದೆ. ಎದುರಿಗೆ ಯಾರೂ ಇರಲಿಲ್ಲ. ಭಾವ ಆಗಲೇ ಒಳಗೆ ಹೋಗಿ ಟಿವಿ ಹಾಕಿದ್ದರು. ಕಣ್ಣಲ್ಲಿ ನೀರು ಬಂತು ರೀ. "ಧೂಳು ಬಿತ್ತೇನೇ?" ಅಂದಳು ಅಕ್ಕ. ಹೂಂ ಅಂದೆ.

ಅದಕ್ಕೇ ಹೇಳ್ತಿದ್ದೀನಿ, ನೋಡೋಕೆ ಬರುವವರನ್ನು ಬರಬೇಡಿ ಅನ್ನಿ. ಸೊಂಟಕ್ಕೆ ದಿಂಬಿದೆ, ಬೈಯೋಕೆ ಬಾಯಿದೆ, ಎರಡೂ ಇರಲಿ. ಭಾನುವಾರ ಅದೇ ಕಾರು ತಂದು ಇಲ್ಲಿ ಗೇಟಿನ ಮುಂದೆ ನಿಲ್ಲಿಸಿ. ಬೇರೆ ಗಾಡಿ ತಂದರೆ ನಾನು ಹತ್ತುವುದಿಲ್ಲ.

ನಿಮ್ಮ ರಸ್ತೆ ನುಣ್ಣಗಿರಲಿ ಅಂತ ಹಾರೈಸಲಾರೆ. ನಾನು ಕೈ ಚಾಚಿದಾಗಲೆಲ್ಲ ಎಬ್ಬಿಸುವಷ್ಟು ಬಲ ಆ ಕೈಗಳಲ್ಲಿ ಇರಲಿ.

ದಾರಿ ನೋಡುತ್ತಿರುವ,
ನಿಮ್ಮ ಪಕ್ಕದ ಸೀಟಿನವಳು