ಒಂದೇ ತೂಕದವರು

ಜುಲೈ ೬, ಸೋಮವಾರ. ಬೆಳಗ್ಗೆ

ಹಾಸಿಗೆಯನ್ನು ಗೋಡೆಗೆ ಒರಗಿಸಿದರೆ ಕೋಣೆಯಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ. ಪ್ಲ್ಯಾಂಕ್ ಆಯಿತು. ಸ್ಕ್ವಾಟ್ ಆಯಿತು. ಸ್ಕಿಪ್ಪಿಂಗ್ ಅರ್ಧಕ್ಕೆ ನಿಂತಿತು — ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಛಾವಣಿ ಕುಟ್ಟಿದರು. ಅವರ ಛಾವಣಿ, ನನ್ನ ನೆಲ. ಫೋನಿನ ವ್ಯಾಯಾಮದ ವಿಡಿಯೊದೊಳಗಿನ ಹೆಂಗಸು ಮಾತ್ರ ನಗುನಗುತ್ತಾ 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ' ಎನ್ನುತ್ತಲೇ ಇದ್ದಳು. ಅವಳಿಗೇನು, ಕೆಳಗೆ ಯಾರೂ ಇಲ್ಲವೇನೋ.

ಮೈಮೇಲೆ ರೈನ್‌ಕೋಟ್. ಹೊರಗೆ ಬಿಸಿಲು. ಬೆವರು ಸುರಿಯಲಿ ಅಂತ. ಅಮ್ಮ ಸ್ಕೂಲ್ ವ್ಯಾನ್ ತೆಗೆದುಕೊಂಡು ಮಕ್ಕಳನ್ನು ಕರೆದೊಯ್ಯಲು ಹೊರಟ ಮೇಲೆಯೇ ಹಾಕಿಕೊಳ್ಳುತ್ತೇನೆ. ಅಪ್ಪ ಬೇಕರಿಯಿಂದ ಬರುವಷ್ಟರಲ್ಲಿ ಬಿಚ್ಚಿ ಒಣಹಾಕುತ್ತೇನೆ.

ಇಷ್ಟೆಲ್ಲ ಯಾಕೆಂದರೆ — ಕಳೆದ ವಾರ ಜೂಡೊ ಕ್ಲಾಸ್ ಮುಗಿದ ಮೇಲೆ ಸರ್ ಕರೆದರು. "ಗುಂಡು, ನೀನೂ ಬುಗುರಿನೂ ಒಂದೇ ತೂಕ. ಟೂರ್ನಮೆಂಟಿಗೆ ಒಂದು ತೂಕದ ವರ್ಗಕ್ಕೆ ಕ್ಲಬ್ಬಿಂದ ಒಬ್ಬಳೇ ಹೋಗೋದು. ಅವಳು ಅಲ್ಲೇ ಇರ್ಲಿ. ನೀನು ತೂಕ ಇಳಿಸಿ ಕೆಳಗಿನ ವರ್ಗಕ್ಕೆ ಬಾ. ಇಬ್ಬರೂ ಟೀಮಲ್ಲಿರ್ತೀರ."

ಸರ್ ಹೇಳುವ ಗುಂಡು ಬಂದೂಕಿನ ಗುಂಡು. ನುಗ್ಗುತ್ತೇನಲ್ಲ, ಅದಕ್ಕೆ. ಕೇಳುವವರಿಗೆ ಇನ್ನೊಂದು ಅರ್ಥ ಕೇಳಿಸುತ್ತದೆ. ನನಗೂ. ಬುಗುರಿಗೆ ಆ ಹೆಸರು ಬಂದದ್ದು ಅವಳು ಗಿರ್ರನೆ ತಿರುಗಿ ಎತ್ತಿಹಾಕುವ ರೀತಿಗೆ. ಅದಕ್ಕೆ ಎರಡನೇ ಅರ್ಥವೇ ಇಲ್ಲ, ಪುಣ್ಯವಂತೆ.

ಜುಲೈ ೯, ಗುರುವಾರ

ಯೂನಿಫಾರ್ಮಿನ ತೋಳು ಬಿಗಿ. ಕೈ ಎತ್ತಿ ಬೋರ್ಡ್ ಒರೆಸುವಾಗ ಕಂಕುಳಲ್ಲಿ ಹೊಲಿಗೆ ಚರ್ರೆಂದಿತು. ಹಿಂದಿನ ಬೆಂಚಿನವರು ನಕ್ಕರೋ, ಬೇರೆ ಯಾವುದಕ್ಕೋ ನಕ್ಕರೋ. ತಿರುಗಿ ನೋಡಲಿಲ್ಲ. ಇಡೀ ದಿನ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ನಡೆದೆ.

ಕನ್ನಡಿ ಮುಂದೆ ನಿಂತೆ. ಭುಜ, ತೊಡೆ, ಕತ್ತು — ಎಲ್ಲ ಒಂದೊಂದಾಗಿ. ಬುಗುರಿ ನನ್ನಷ್ಟೇ ತೂಗುತ್ತಾಳೆ, ಆದರೆ ಅದು ಉದ್ದಕ್ಕೆ ಹರಡಿದೆ. ನನ್ನದು ಅಡ್ಡಕ್ಕೆ. ತಕ್ಕಡಿಗೆ ಇದು ತಿಳಿಯುವುದಿಲ್ಲ, ಅಂಗಿಗೆ ತಿಳಿಯುತ್ತದೆ.

ನಿಜ ಹೇಳಬೇಕೆಂದರೆ, ಇಲ್ಲಿ ಯಾರು ಓದುತ್ತಾರೆ... ಸರ್ ಹೇಳಿದ್ದು ಬರೀ ನೆಪ. ಅವರು ಇಳಿ ಎಂದಾಗ ಒಳಗೊಳಗೇ ಖುಷಿಯಾಯಿತು. ತೆಳ್ಳಗಾಗುವುದಕ್ಕೆ ಒಂದು ಮರ್ಯಾದಸ್ಥ ಕಾರಣ ಸಿಕ್ಕಿತು.

ಜುಲೈ ೧೪, ಮಂಗಳವಾರ. ಸಂಜೆ

ಅಪ್ಪ ಮೆಟ್ಟಿಲು ಹತ್ತುವ ಮೊದಲೇ ಬನ್ನಿನ ವಾಸನೆ ಹತ್ತಿ ಬರುತ್ತದೆ. ಅಂಗಿ, ತಲೆಕೂದಲು, ಎಲ್ಲ ಬೆಂದ ಹಿಟ್ಟು. ಇವತ್ತು ಬಿಸಿಬಿಸಿ ತಂದಿದ್ದರು, ಮೇಲೆ ಸಕ್ಕರೆ ಹೊಳೆಯುತ್ತಿತ್ತು.

"ತಗೋ ಮಗಳೇ, ಕೊನೇ ಟ್ರೇದು. ನಿನಗೇ ಅಂತ ಎತ್ತಿಟ್ಟೆ."

"ಫ್ರೆಂಡ್ ಮನೇಲಿ ತಿಂದೆ ಅಪ್ಪಾ."

"ಯಾವ ಫ್ರೆಂಡು? ದಿನಾ ತಿನ್ನಿಸ್ತಾಳಲ್ಲ, ಅವರಪ್ಪನೂ ಬೇಕರಿಯವನಾ?"

ನಗು ಬಂತು. ನಕ್ಕರೆ ತಿನ್ನಬೇಕಾಗುತ್ತದೆ ಎಂದು ಬಚ್ಚಲಿಗೆ ಹೋದೆ. ಹಿಂದಿರುಗಿದಾಗ ಅಪ್ಪ ಆ ಬನ್ನನ್ನು ಬಟ್ಟಲು ಕವುಚಿ ಮುಚ್ಚಿಟ್ಟಿದ್ದರು. ಆ ಬಟ್ಟಲು ಈಗಲೂ ನನ್ನನ್ನೇ ನೋಡುತ್ತಿದೆ. ಗಣಿತದ ಪುಸ್ತಕ ತೆರೆದಿದೆ, ಒಂದಕ್ಷರ ತಲೆಗೆ ಹತ್ತುತ್ತಿಲ್ಲ. ಎದ್ದೆ, ಕೂತೆ, ಎದ್ದೆ.

ಜುಲೈ ೧೫, ಬುಧವಾರ

ಬುಗುರಿ ಇವತ್ತು ನನ್ನನ್ನು ಎತ್ತೆತ್ತಿ ಹಾಕಿದಳು. ಕಾಲರ್ ಹಿಡಿದರೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಅವಳೇ ಸಿಡುಕಿದಳು. "ಏನೇ ನಿಂಗೆ? ನಿನ್ನನ್ನ ಎತ್ತೋಕೆ ಮೊದ್ಲು ಪ್ರಾಣ ಹೋಗ್ತಿತ್ತು. ಈಗ ಹಾಸಿಗೆ ಹೊದಿಕೆ ಒದರಿದ ಹಾಗಿದೆ. ಹೀಗಾದ್ರೆ ನಾನೇನು ಕಲಿಯೋದು?"

ಸರ್ ಮಾತ್ರ ಬೆನ್ನು ತಟ್ಟಿದರು. "ಮುಖ ಇಳಿದಿದೆ. ಗುಡ್. ಹೀಗೇ ಹೋಗ್ಲಿ."

ಇಬ್ಬರಲ್ಲಿ ಯಾರ ಮಾತು ಹಿಡಿದುಕೊಳ್ಳಲಿ? ಸರ್ ಮಾತನ್ನೇ ಹಿಡಿದುಕೊಂಡೆ. ಮುಖ ಇಳಿದಿದೆ, ಗುಡ್.

ಜುಲೈ ೨೭, ಸೋಮವಾರ

ಬರೆಯಲು ಆಗಿರಲಿಲ್ಲ. ಕೈ ನಡುಗುತ್ತಿತ್ತು, ಸುಮ್ಮನೆ ಸಿಟ್ಟು ಬರುತ್ತಿತ್ತು. ನಿನ್ನೆ ವ್ಯಾನ್ ತೊಳೆಯಲು ಅಮ್ಮ ಬಕೆಟ್ ಕೇಳಿದ್ದಕ್ಕೆ ಕಿರುಚಿದೆ. ಬಕೆಟ್ಟಿಗೆ! ಅಮ್ಮ ತಾನೇ ಹೋಗಿ ತಂದುಕೊಂಡಳು. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಆಗಿದ್ದನ್ನು ಬರೆಯಬೇಕು.

ಪ್ರಾಕ್ಟೀಸ್. ಬುಗುರಿಯನ್ನು ಸೊಂಟದ ಮೇಲೆ ತೆಗೆದುಕೊಂಡಿದ್ದೆ. ಅವಳ ಎರಡೂ ಕಾಲು ನೆಲ ಬಿಟ್ಟಿದ್ದವು. ಎಸೆಯುವವಳು ಬೀಳುವವಳ ತೋಳನ್ನು ಕೊನೆಯವರೆಗೂ ಬಿಡಬಾರದು, ಹಿಡಿದು ಇಳಿಸಬೇಕು — ಮೊದಲ ದಿನದ ಪಾಠ ಇದು. ಅಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಕಿವಿಯಲ್ಲಿ ಗುಂಯ್ ಎಂದಿತು. ನಾನು ಅವಳ ಮೇಲೆಯೇ ಕುಸಿದೆ. ಅವಳ ಕೈ ನನ್ನಡಿಯಲ್ಲಿತ್ತು.

ಅವಳು ಕಿರುಚಿದ್ದು ಎಲ್ಲೋ ದೂರದಿಂದ ಕೇಳಿದಂತಾಯಿತು.

ಮೂಳೆ ಮುರಿದಿಲ್ಲ. ಮಣಿಕಟ್ಟು ಉಳುಕಿದೆ. ಇದನ್ನು ಮೂರು ಸಲ ಕೇಳಿ ಖಚಿತ ಮಾಡಿಕೊಂಡೆ.

ಜುಲೈ ೨೮, ಮಂಗಳವಾರ

ಕ್ಲಬ್ಬಿನ ಫಿಸಿಯೊ ಅಕ್ಕ ಬುಗುರಿಯ ಕೈಗೆ ಪಟ್ಟಿ ಸುತ್ತಿ, ಅವಳನ್ನು ಕಳಿಸಿ, ನನ್ನನ್ನು ಕೂರಿಸಿಕೊಂಡರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಿದ್ದೆ ಬರ್ತಿದೆಯಾ? ಇಲ್ಲ. ಮುಟ್ಟು? ನೆಲ ನೋಡಿದೆ. ಹೋದ ಸಲ ಆಗಿಲ್ಲ. ಅದಕ್ಕೂ ಹಿಂದಿನದು ನೆನಪಿಲ್ಲ.

"ತೂಕ ಇಳಿಸ್ತಿದ್ದೀಯ ಅಲ್ವಾ?"

"ಸರ್ ಹೇಳಿದ್ರು. ಮತ್ತೆ... ನಾನೂ ದಪ್ಪ ಇದೀನಲ್ಲ ಅಕ್ಕಾ."

ಅವರು ಇಲ್ಲ ಕಣೇ, ನೀನು ಚೆಂದ ಇದ್ದೀಯ ಎನ್ನುತ್ತಾರೆ, ನಾನು ನಂಬುವುದಿಲ್ಲ ಎಂದುಕೊಂಡು ಕಾದೆ. ಹಾಗೆ ಅನ್ನಲಿಲ್ಲ.

"ನಿನ್ನ ಕಣ್ಣಿಗೆ ನೀನು ಹೇಗೆ ಕಾಣ್ತೀಯ ಅನ್ನೋದನ್ನ ನಾನು ಇವತ್ತೇ ಬದಲಾಯಿಸೋಕಾಗಲ್ಲ. ಆದ್ರೆ ಇದು ಬೆಳೀತಿರೋ ಮೈ. ಎತ್ತರ, ಮೂಳೆ, ಮುಟ್ಟು, ಓದು, ಎಲ್ಲಕ್ಕೂ ಊಟ ಬೇಕು. ನೀನು ಕೊಡದೆ ಇದ್ರೆ ಅದು ಒಂದೊಂದೇ ಅಂಗಡಿ ಮುಚ್ಚುತ್ತೆ. ಮೊದ್ಲು ಮುಟ್ಟು ನಿಲ್ಲಿಸ್ತು. ನಿನ್ನೆ ಕಣ್ಣಿನ ದೀಪ ಆರಿಸ್ತು."

"ಮನೇಲಿ ಎಕ್ಸರ್ಸೈಜ್ ಬಿಟ್ಬಿಡ್ಲಾ?"

"ಯಾಕೆ ಬಿಡ್ತೀಯ? ಡಾಕ್ಟರು ನೋಡಿ ಸರಿ ಅಂದ್ಮೇಲೆ ಮಾಡು. ತಿಂದು ಮಾಡು. ಬಲ ಬರ್ಲಿ ಅಂತ ಮಾಡು, ಮೈಗೆ ಶಿಕ್ಷೆ ಕೊಡೋಕಲ್ಲ. ದಣಿದ ದಿನ ಬಿಡು. ಆ ರೈನ್‌ಕೋಟು ಮಳೆಗೆ ಮಾತ್ರ."

ರೈನ್‌ಕೋಟಿನ ವಿಷಯ ಅವರಿಗೆ ಹೇಗೆ ಗೊತ್ತು? ನನ್ನ ಕತ್ತಿನ ಬೆವರುಸಾಲೆ ನೋಡಿ ಊಹಿಸಿದರಂತೆ, ತೂಕ ಇಳಿಸುವವರೆಲ್ಲ ಅದನ್ನೇ ಹಾಕಿಕೊಳ್ಳುವುದಂತೆ. "ಈಗ ಅಮ್ಮನಿಗೆ ಫೋನ್ ಮಾಡೋಣ. ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾನೇ ಹೇಳಿದೆ. ಹೇಳಿದೆ ಎಂದರೆ, ಅತ್ತೆ.

ಆಗಸ್ಟ್ ೧, ಶನಿವಾರ

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆ ಇದೆ, ಮಾತ್ರೆ ಕೊಟ್ಟಿದ್ದಾರೆ. ಸದ್ಯಕ್ಕೆ ನಡೆದಾಡಿದರೆ ಸಾಕು, ಒಂದು ವಾರ ಕಳೆದು ತೋರಿಸಿ ಎಂದರು.

ವಾಪಸ್ ಬರುವಾಗ ಅಮ್ಮ ವ್ಯಾನನ್ನು ಕ್ಲಬ್ಬಿನ ಕಡೆ ತಿರುಗಿಸಿದಳು. ಅಮ್ಮಾ ಬೇಡ, ಬೇಡ ಎಂದೆ. ಮಕ್ಕಳು ಗಲಾಟೆ ಮಾಡಿದಾಗ ನೋಡುವಂತೆ ಕನ್ನಡಿಯಲ್ಲಿ ಒಮ್ಮೆ ನೋಡಿದಳು.

ಸರ್ ಎದ್ದು ನಿಂತರು. "ಕೂತ್ಕೊಳ್ಳಿ ಅಮ್ಮಾ..."

"ಕೂರೋಕೆ ಬಂದಿಲ್ಲ ಸರ್. ನನ್ನ ಮಗಳು ಹಸ್ಕೊಂಡು ಆಡೋದು ಬೇಡ. ಯಾವ ವರ್ಗಕ್ಕೆ ತೂಗ್ತಾಳೋ ಅಲ್ಲೇ ಆಡ್ತಾಳೆ. ಇಲ್ಲಾಂದ್ರೆ ಮನೇಲಿರ್ತಾಳೆ."

ಸರ್ ಮುಖ ಕೆಂಪಾಯಿತು. "ನಾನು ಊಟ ಬಿಡು ಅಂದಿಲ್ಲ. ಇಬ್ಬರನ್ನೂ ಉಳಿಸೋಕೆ ನೋಡ್ದೆ. ನಮ್ಮ ಕಾಲದಲ್ಲಿ ನಾವೂ ಹೀಗೇ ಇಳಿಸಿದ್ದು, ಏನೂ ಆಗ್ಲಿಲ್ಲ."

"ಆಗಿದ್ದು ನಿಮಗೆ ಗೊತ್ತಾಗ್ಲಿಲ್ಲ, ಅಷ್ಟೇ."

ಸರ್ ನನ್ನ ಕಡೆ ನೋಡಿದರು. ಆಮೇಲೆ ಸರ್ — "ಸರಿ. ನಿಮ್ಮ ಮಗಳಿಗೆ ಇನ್ನು ಹೇಳಲ್ಲ. ಸೆಲೆಕ್ಷನ್ ದಿನ ಇಬ್ಬರೂ ಆಡ್ಲಿ. ಗೆದ್ದವಳು ಹೋಗ್ತಾಳೆ."

ಬುಗುರಿ ಬಾಗಿಲಲ್ಲೇ ನಿಂತಿದ್ದಳು, ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು. ಎಲ್ಲ ಕೇಳಿಸಿಕೊಂಡಿದ್ದಳು. "ಮೊದ್ಲು ಕೈ ಮುರೀತೀಯ, ಈಗ ನನ್ನ ಜಾಗಕ್ಕೂ ಬರ್ತೀಯ" ಎಂದಳು. ಮುರಿದಿಲ್ಲ, ಉಳುಕಿದ್ದು ಎಂದು ಬಾಯಿಗೆ ಬಂತು. ಸದ್ಯ, ನುಂಗಿಕೊಂಡೆ.

ಆಗಸ್ಟ್ ೧೨, ಬುಧವಾರ

ತಿನ್ನುತ್ತಿದ್ದೇನೆ. ಸುಲಭವಲ್ಲ. ಪ್ರತಿ ತುತ್ತಿಗೂ ತಲೆಯೊಳಗೆ ಯಾರೋ ಬೆರಳು ಮಡಿಸುತ್ತಾರೆ. ಅಪ್ಪ ಏನೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತು ಬೇಕರಿಯ ಕಥೆ ಹೇಳುತ್ತಾರೆ. ಇವತ್ತು ಯಾರದೋ ಬರ್ತ್‌ಡೇ ಕೇಕಿನ ಮೇಲೆ ಇನ್ಯಾರದೋ ಹೆಸರು ಬರೆದುಬಿಟ್ಟರಂತೆ. ಕೊಳ್ಳಲು ಬಂದವನು, ಪರವಾಗಿಲ್ಲ ಬಿಡಿ, ಹೆಂಡತಿ ಕನ್ನಡಕ ಹಾಕಲ್ಲ ಎಂದನಂತೆ. ನಗುತ್ತಾ ನಗುತ್ತಾ ತಟ್ಟೆ ಖಾಲಿ.

ಕನ್ನಡಿ ಮಾತ್ರ ಹಾಗೇ ಇದೆ. ಇವತ್ತೂ ಭುಜ ಕಂಡು ಮುಖ ತಿರುಗಿಸಿದೆ. ಫಿಸಿಯೊ ಅಕ್ಕನಿಗೆ ಹೇಳಿದೆ. ಅದಕ್ಕೆ ಟೈಮ್ ಬೇಕು, ಬಂದು ಮಾತಾಡ್ತಾ ಇರು ಎಂದರು. ಟೈಮ್ ಎಂದರೆ ಎಷ್ಟು? ಅವರಿಗೂ ಗೊತ್ತಿಲ್ಲ.

ಡಾಕ್ಟರು ಒಪ್ಪಿದ್ದಾರೆ. ಸಂಜೆ ನಿಧಾನಕ್ಕೆ ಪುಷ್-ಅಪ್ ಮಾಡುತ್ತಿದ್ದೆ. ಬಾಗಿಲಲ್ಲಿ ಬುಗುರಿ! ಪಟ್ಟಿ ಬಿಚ್ಚಿದ್ದಳು. ಚಪ್ಪಲಿಯನ್ನೂ ಬಿಡದೆ ನಿಂತೇ ಹೇಳಿದಳು —

"ನಾಳೆಯಿಂದ ಬಾ. ಉಳಿದೋರೆಲ್ಲ ಎತ್ತಿದ್ರೆ ಹತ್ತಿ ಮೂಟೆ ಥರ ಎದ್ದು ಬರ್ತಾರೆ. ನಿನ್ನ ತೂಕ ಇರೋರು ಯಾರೂ ಇಲ್ಲ ಅಲ್ಲಿ."

"ಸಿಟ್ಟು ಹೋಯ್ತಾ?"

"ಇಲ್ಲ. ಆದ್ರೂ ಬಾ."

ಆಗಸ್ಟ್ ೨೩, ಭಾನುವಾರ. ಮಧ್ಯಾಹ್ನ

ಗೆದ್ದೆ.

ಬರೆದಿದ್ದನ್ನು ಮತ್ತೆ ಓದಿದೆ. ಹೌದು, ಗೆದ್ದೆ. ಸೆಲೆಕ್ಷನ್ ನನ್ನದೇ.

ಬುಗುರಿ ತಿರುಗುತ್ತಾಳೆಂದು ಗೊತ್ತಿತ್ತು. ತಿರುಗಿದಳು. ನಾನು ಗಾಳಿಯಲ್ಲಿ ಏಳಬೇಕಿತ್ತು, ಏಳಲಿಲ್ಲ — ತೊಡೆಗಳು ನೆಲ ಕಚ್ಚಿ ನಿಂತವು. ಅವಳ ಬೆನ್ನಿಗೆ ಅಂಟಿಕೊಂಡೇ ಹಿಂದಕ್ಕೆ ಎತ್ತಿದೆ. ಈ ಸಲ ತೋಳು ಬಿಡಲಿಲ್ಲ. ಹಿಡಿದು ಇಳಿಸಿದೆ. ಬೆನ್ನು ಮ್ಯಾಟಿಗೆ ತಾಗಿದ ಸದ್ದು ಇನ್ನೂ ಕಿವಿಯಲ್ಲಿದೆ. ಅಷ್ಟು ಹೊತ್ತೂ ನನ್ನ ಮೈ ಹೇಗೆ ಕಾಣುತ್ತಿದೆ ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ. ಇದು ಹೊಳೆದದ್ದು ಈಗ, ಬರೆಯುವಾಗ.

ಬುಗುರಿ ಕೈಕುಲುಕಿದಳು. ಬೆರಳು ತಣ್ಣಗಿತ್ತು.

ಆಮೇಲೆ ಡ್ರೆಸ್ಸಿಂಗ್ ರೂಮಿನ ಹೊರಗೆ ಸರ್ ದನಿ ಕೇಳಿಸಿತು. "ಅಳ್ಬೇಡ ಮರೀ. ಟೂರ್ನಮೆಂಟಿಗೆ ಇನ್ನೂ ಟೈಮ್ ಇದೆ. ಕೆಳಗಿನ ವರ್ಗದಲ್ಲಿ ಜಾಗ ಖಾಲಿನೇ ಇದೆ. ನೀನು ಉದ್ದ ಇದ್ದೀಯ, ಬೇಗ ಇಳೀತೀಯ."

ಅವಳು "ಆಯ್ತು ಸರ್" ಎಂದಳು.

ನಾನು ಶೂ ಲೇಸ್ ಕಟ್ಟುತ್ತಿದ್ದೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ಅವಳು ಒಳಗೆ ಬಂದು ಪಕ್ಕದಲ್ಲಿ ಕೂತಳು. "ನೀನು ಹೇಗೆ ಇಳಿಸ್ತಿದ್ದೆ? ನಂಗೂ ಹೇಳು."

"ಹೇಳಲ್ಲ. ಬೇಡ ಕಣೇ. ನಾನು ಏನಾದೆ ಅಂತ ನೋಡಿದ್ದೀಯಲ್ಲ, ನಿನ್ನ ಕೈಮೇಲೇ ಬಿದ್ದಿದ್ದು."

"ಗೆದ್ದವಳು ಬುದ್ಧಿ ಹೇಳ್ಬೇಡ" ಎಂದು ಬ್ಯಾಗ್ ಎತ್ತಿಕೊಂಡು ಹೋದಳು.

ಆಗಸ್ಟ್ ೨೬, ಬುಧವಾರ. ಸಂಜೆ

ಬುಗುರಿ ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ. ಕ್ಲಾಸಿಗೆ ಬಂದಳು, ನನ್ನ ಜೊತೆ ಆಡಲಿಲ್ಲ. ನೀರಿನ ಬಾಟಲಿಯನ್ನು ತುಟಿಗೆ ತಾಗಿಸಿ ಹಾಗೇ ಇಳಿಸಿದಳು. ಬೇರೆ ಯಾರಿಗೂ ಕಾಣಲಿಲ್ಲ. ನನಗೆ ಕಂಡಿತು.

ಸರ್ ಹತ್ತಿರ ಹೋದೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಇದೇ ಮೊದಲು. "ಸರ್, ನನಗೆ ಹೇಳಲ್ಲ ಅಂದ್ರಿ. ಅವಳಿಗೂ ಹೇಳ್ಬೇಡಿ." ಸರ್ ನೋಡಿದರು. "ಅವಳಾಗೇ ಒಪ್ಪಿದಾಳೆ ಕಣಮ್ಮ." "ನಾನೂ ನಾನಾಗೇ ಒಪ್ಪಿದ್ದೆ ಸರ್." ಅವರು ಶಿಳ್ಳೆಯ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತರು. ಫಿಸಿಯೊ ಅಕ್ಕ ಸರ್ ಜೊತೆ ತಾನೂ ಮಾತಾಡುತ್ತೇನೆ ಎಂದಿದ್ದಾರೆ. ಅವಳ ಮನೆಯವರಿಗೂ ತಿಳಿಯಲೇಬೇಕು ಎಂದರು. ನಾನು ಹೋಗುತ್ತೇನೆ ಎಂದೆ.

ಈಗ ಅವಳ ಮನೆಯ ಎದುರಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಅಮ್ಮ ಬೀದಿಯ ತುದಿಯಲ್ಲಿ ವ್ಯಾನ್ ನಿಲ್ಲಿಸಿಕೊಂಡಿದ್ದಾಳೆ. ಜೊತೆಗೆ ಬರಲಾ ಎಂದಳು, ಬೇಡ ಎಂದೆ. ಬರಬೇಕಿತ್ತು ಅನ್ನಿಸುತ್ತಿದೆ. ಬುಗುರಿ ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡದೆ ಹೋಗಬಹುದು. ಚಾಡಿಕೋರಿ ಎನ್ನಬಹುದು. ಅನ್ನಲಿ. ಅನ್ನದಿದ್ದರೆ ಒಳ್ಳೆಯದಿತ್ತು...

ತೆರೆದ ಕಿಟಕಿಯಿಂದ ಅವಳಮ್ಮನ ದನಿ. "ಒಂದು ತುತ್ತಾದ್ರೂ ತಿನ್ನೇ, ಬೆಳಗ್ಗೆಯಿಂದ ಏನೂ ಮುಟ್ಟಿಲ್ಲ." ಅದಕ್ಕೆ ಬುಗುರಿ — "ಫ್ರೆಂಡ್ ಮನೇಲಿ ತಿಂದೆ ಅಮ್ಮಾ."

ಯಾವ ಫ್ರೆಂಡು. ಅವಳಿಗಿರುವುದು ನಾನೊಬ್ಬಳೇ.

ಎದ್ದೆ. ಬೆಲ್ ಒತ್ತಿದೆ. ಹೆಜ್ಜೆ ಸದ್ದು ಹತ್ತಿರ ಬರುತ್ತಿದೆ, ಅವಳಮ್ಮನದೇ ಇರಬೇಕು. ಚಿಲಕ ತೆಗೆಯುತ್ತಿದ್ದಾರೆ, ಡೈರಿ ಮುಚ್ಚುತ್ತೇನೆ.