ಹಮ್ಮಿಗಿಯ ಕಳಕೇಶ ನಿಮ್ಮ ವರದಿಯಲ್ಲಿಲ್ಲ

(ಮಹಾಮಾರಿಯ ವರ್ಷದಲ್ಲಿ ಜಿಲ್ಲೆಯ ತುರ್ತು ಔಷಧ ನೆರವು ಕೋಶದ ಉಸ್ತುವಾರಿ ಹೊತ್ತಿದ್ದ ಅಧಿಕಾರಿಗಳಿಗೆ)

ಮಾನ್ಯರೇ,

ನಿಮ್ಮ ಕೋಶದ ಅಂತಿಮ ವರದಿ ಕೊನೆಗೂ ನನ್ನ ಕೈಸೇರಿತು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಉತ್ತರ ಬಾರದೆ ಮೇಲ್ಮನವಿ ಸಲ್ಲಿಸಿ, ಹನ್ನೊಂದು ತಿಂಗಳು ಕಾದ ಮೇಲೆ ಬಂದ ವರದಿ ಅದು. ಅದರ ಒಂಬತ್ತನೆಯ ಪುಟದಲ್ಲಿ ಒಂದು ಸಾಲಿದೆ: ‘ಲಾಕ್‌ಡೌನ್ ಅವಧಿಯಲ್ಲಿ ಔಷಧದ ಅಲಭ್ಯತೆಯಿಂದ ಜಿಲ್ಲೆಯಲ್ಲಿ ಯಾವುದೇ ಸಾವು ಸಂಭವಿಸಿರುವುದಿಲ್ಲ.’ ಈ ಸಾಲು ಸುಳ್ಳು. ಸುಳ್ಳೆಂದು ನನಗೆ ಹೇಗೆ ಗೊತ್ತೆಂದರೆ, ಹಾಗೆ ಸತ್ತವನ ಪಾಲಿನ ಗುಳಿಗೆಗಳನ್ನು ನುಂಗಿದವನು ನಾನೇ.

ನಾನು ಲಕ್ಷ್ಮೇಶ್ವರದ ಬಜಾರದಲ್ಲಿ ಮೂವತ್ತು ವರ್ಷಗಳಿಂದ ಬಟ್ಟೆ ಹೊಲಿಯುತ್ತಿರುವವನು. ಹೆಸರು ಇಸಾಕ. 2014ರಲ್ಲಿ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟಾಗ ಅಕ್ಕ ಶಮಶಾದಬಿ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡಳು. ಕಿಡ್ನಿ ಕಸಿ ಮಾಡಿಸಿಕೊಂಡವರ ಬದುಕು ನಿಮಗೆ ತಿಳಿದಿಲ್ಲವೆಂದು ನಿಮ್ಮ ವರದಿ ಓದಿದರೆ ಗೊತ್ತಾಗುತ್ತದೆ. ಆದ್ದರಿಂದ ಹೇಳುತ್ತೇನೆ. ಇನ್ನೊಬ್ಬರ ಅಂಗವನ್ನು ನಮ್ಮ ದೇಹ ಎಂದೂ ತನ್ನದೆಂದು ಒಪ್ಪಿಕೊಳ್ಳುವುದಿಲ್ಲ. ಹೊರಗೆ ಹಾಕಲು ನೋಡುತ್ತಲೇ ಇರುತ್ತದೆ. ಅದನ್ನು ತಡೆಯಲು ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು ಗುಳಿಗೆ ನುಂಗಬೇಕು. ಒಂದು ತಿಂಗಳಲ್ಲ, ಒಂದು ವರ್ಷವಲ್ಲ, ಉಸಿರಿರುವವರೆಗೆ. ಆ ಗುಳಿಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ. ಅಂದರೆ ಗುಳಿಗೆ ತಪ್ಪಿದರೆ ಕಿಡ್ನಿ ಹೋಗುತ್ತದೆ, ತಪ್ಪದೆ ನುಂಗಿದರೆ ಊರಿನಲ್ಲಿ ಯಾರಿಗೆ ಸೋಂಕು ಬಂದರೂ ಮೊದಲು ನಮಗೆ ತಗಲುತ್ತದೆ. ಇಂಥವರ ಮೇಲೆ ಕೊರೊನಾ ಬಂತು.

ಜಿಲ್ಲೆಯಲ್ಲಿ ನಮಗೆ ಗೊತ್ತಿದ್ದಂತೆ ನಾವು ಆರು ಜನ ಇದ್ದೆವು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ತಿಂಗಳಿಗೊಮ್ಮೆ ಕೂತು ಪರಿಚಯವಾದವರು. ಶಿರಹಟ್ಟಿಯ ಹುಚ್ಚೀರಪ್ಪಜ್ಜ, ಬೆಟಗೇರಿಯ ನೂರೀನ, ಗದಗಿನ ಒಬ್ಬ ಶಿಕ್ಷಕಿ, ಮುಂಡರಗಿಯಲ್ಲಿ ಕಾಳುಕಡಿ ದಲ್ಲಾಳಿ ಮಾಡುವ ಒಬ್ಬ ಅಡತಿ ಅಂಗಡಿಯವರು, ನಾನು, ಮತ್ತೆ ಹಮ್ಮಿಗಿಯ ಕಳಕೇಶ. ಕಳಕೇಶನಿಗೆ ಇಪ್ಪತ್ತಾರು. ಹೊಳೆದಂಡೆಯ ಹೊಲಗಳ ಪಂಪ್‌ಸೆಟ್ ಮೋಟಾರು ಸುಟ್ಟರೆ ತಂತಿ ಸುತ್ತಿ ಕೊಡುವುದು ಅವನ ಕೆಲಸ. ಕಿಡ್ನಿ ಕೊಟ್ಟವಳು ತಾಯಿ ಬೀರವ್ವ. ಬೆಂಚಿನ ಮೇಲೆ ಆಕೆ ಮಗನ ಪಕ್ಕ ಕೂತು, ರೊಟ್ಟಿ ಗಂಟು ಬಿಚ್ಚಿ ನಮಗೆಲ್ಲ ಹಂಚುತ್ತಿದ್ದಳು. ಕಳಕೇಶ ನನ್ನನ್ನು ಕಾಕಾ ಎನ್ನುತ್ತಿದ್ದ.

ಮಾರ್ಚ್ 26ಕ್ಕೆ ನಾನು ಗುಳಿಗೆ ತರಲು ಹುಬ್ಬಳ್ಳಿಗೆ ಹೋಗಬೇಕಿತ್ತು. 25ಕ್ಕೆ ದೇಶವೇ ಬಂದ್ ಆಯಿತು. ನಮ್ಮ ಗುಳಿಗೆ ಈ ಜಿಲ್ಲೆಯ ಯಾವ ಔಷಧ ಅಂಗಡಿಯಲ್ಲೂ ಸಿಗುವುದಿಲ್ಲ. ಇಲ್ಲೊಂದು ಮಾತು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ನಮಗೆ ಹೊಸ ಜಿಲ್ಲೆ ಸಿಕ್ಕಾಗ ನಾನೂ ಬಜಾರದಲ್ಲಿ ಪೇಡೆ ಹಂಚಿದ್ದೆ. ಇನ್ನು ಮೇಲೆ ಎಲ್ಲ ನಮ್ಮ ಹತ್ತಿರವೇ ಬರುತ್ತದೆ ಎಂದು ವೇದಿಕೆಯ ಮೇಲಿಂದ ಹೇಳಿದ್ದರು. ಇಪ್ಪತ್ಮೂರು ವರ್ಷಗಳಲ್ಲಿ ಕಚೇರಿಗಳು ಬಂದವು, ಫಲಕಗಳು ಬಂದವು, ಗುಳಿಗೆ ಹುಬ್ಬಳ್ಳಿಯಲ್ಲೇ ಉಳಿಯಿತು. ಮೊದಲು ಹುಬ್ಬಳ್ಳಿ ನಮ್ಮದೇ ಜಿಲ್ಲೆಯಾಗಿತ್ತು. 2020ರಲ್ಲಿ ಅದು ಪರಜಿಲ್ಲೆ. ಪರಜಿಲ್ಲೆಗೆ ಹೋಗಲು ಪಾಸ್ ಬೇಕು. ಹೊಸ ಜಿಲ್ಲೆಯಿಂದ ನಮ್ಮಂಥ ರೋಗಿಗಳಿಗೆ ಸಿಕ್ಕ ಸೌಲಭ್ಯ ಒಂದೇ, ದಾಟಲಾಗದ ಒಂದು ಗಡಿ.

28ರಂದು ನೂರೀನ ಉಳಿದ ಐವರಿಗೂ ಫೋನ್ ಮಾಡಿದಳು. ಯಾರ ಬಳಿ ಎಷ್ಟು ಗುಳಿಗೆ ಉಳಿದಿವೆ ಎಂದು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ನಿಮ್ಮ ಕೋಶ ಮಾಡಬೇಕಿದ್ದ ಕೆಲಸವನ್ನು ಇಪ್ಪತ್ತೊಂಬತ್ತು ವರ್ಷದ ಆ ಹೆಣ್ಣುಮಗಳು ಅಡುಗೆಮನೆಯಲ್ಲಿ ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸಿದಳು. ನನ್ನಲ್ಲಿದ್ದದ್ದು ಹತ್ತು, ಅಂದರೆ ಐದು ದಿನಕ್ಕೆ. ಕಳಕೇಶ ತನ್ನ ಬಳಿ ಎಂಬತ್ತಿವೆ ಎಂದ. ಕಾಕಾಗೆ ಇಪ್ಪತ್ತು ಕಳಿಸುತ್ತೇನೆ ಎಂದೂ ಅವನೇ ಹೇಳಿದ. ಮುಂಡರಗಿಯಿಂದ ಗದಗಿಗೆ ಹಾಲಿನ ಗಾಡಿ ಓಡಿಸುವ ಬೀರಲಿಂಗಪ್ಪ ಅವನ್ನು ನೂರೀನಳಿಗೆ ಮುಟ್ಟಿಸಿದ. ಅಲ್ಲಿಂದ ತರಕಾರಿ ಟೆಂಪೋದಲ್ಲಿ ನನಗೆ ಬಂದವು. ಆ ದಿನ ನಾನು ಕಳಕೇಶನಿಗೆ ಫೋನ್ ಮಾಡಿ, ನಿನಗೆ ಕಡಿಮೆ ಬೀಳುವುದಿಲ್ಲವೇ ಎಂದು ಕೇಳಿದೆ.

“ಚಿಂತಿ ಮಾಡಬ್ಯಾಡ್ರಿ ಕಾಕಾ,” ಎಂದ. “ಪಾಸಿಗೆ ಅರ್ಜಿ ಹಾಕೀನಿ. ಎರಡ ದಿನದಾಗ ಆಗ್ತತಿ ಅಂತ ಸಾಹೇಬ್ರು ಖುದ್ದ ಫೋನಿನ್ಯಾಗ ಹೇಳ್ಯಾರ.”

ಆ ಸಾಹೇಬರು ನೀವೋ, ನಿಮ್ಮ ಕೈಕೆಳಗಿನವರೋ ನನಗೆ ಗೊತ್ತಿಲ್ಲ. ನಾನೂ ನಿಮ್ಮ ಕೋಶಕ್ಕೆ ಫೋನ್ ಮಾಡಿದ್ದೆ. ಡಾಕ್ಟರ ಚೀಟಿಯ ಫೋಟೋ ಕಳಿಸಿದ್ದೆ. ಅತ್ತ ಕಡೆಯಿಂದ ಬಂದ ಪ್ರಶ್ನೆ ಇವತ್ತಿಗೂ ನನಗೆ ನೆನಪಿದೆ: “ಆಪರೇಷನ್ ಆಗಿ ಆರು ವರ್ಷ ಆಗೇತಿ ಅಂತೀರಿ, ಮತ್ತ ಇದು ತುರ್ತು ಹೆಂಗಾಕ್ಕೇತ್ರಿ?” ನಿಮ್ಮ ತುರ್ತು ರೋಗಗಳ ಪಟ್ಟಿಯಲ್ಲಿ ಬಿಪಿ ಇತ್ತು, ಸಕ್ಕರೆ ಕಾಯಿಲೆ ಇತ್ತು, ಕ್ಷಯ ಇತ್ತು. ಕಸಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ರೋಗ ರೋಗವಲ್ಲ ಎನ್ನುವ ವೈದ್ಯಶಾಸ್ತ್ರವನ್ನು ಕಂಡುಹಿಡಿದವರು ಯಾರು ಮಾನ್ಯರೇ? ಗುಣವಾದಂತೆ ಕಾಣುವವನಿಗೆ ಔಷಧ ಬೇಡವೆಂದು ನಿರ್ಧರಿಸುವಾಗ ನಿಮ್ಮ ಕೋಶದಲ್ಲಿ ಒಬ್ಬ ಡಾಕ್ಟರಾದರೂ ಇದ್ದರೇ?

ಏಪ್ರಿಲ್ 11ಕ್ಕೆ ನನ್ನ ಗುಳಿಗೆ ಮುಗಿಯುವುದಿತ್ತು. ಅದೇ ದಿನ ನಮ್ಮೂರಿನ ಔಷಧ ಅಂಗಡಿಯ ಮುಸ್ತಾಕ ಯಾರ್ಯಾರ ಕಾಲೋ ಹಿಡಿದು, ಔಷಧದ ಲಾರಿಯಲ್ಲಿ ಹುಬ್ಬಳ್ಳಿಯಿಂದ ಅರವತ್ತು ತರಿಸಿಕೊಟ್ಟ. ನಿಮ್ಮ ಪಾಸಿನಿಂದಲ್ಲ ಎಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ. ಸಂಜೆ ಕಳಕೇಶ ಫೋನ್ ಮಾಡಿದ. ಗುಳಿಗೆ ಸಿಕ್ಕವೇ ಎಂದು ಕೇಳಿದ. ಸಿಕ್ಕವು, ಹುಚ್ಚೀರಪ್ಪಜ್ಜನ ಹತ್ತಿರ ಎರಡೇ ದಿನದ್ದು ಉಳಿದಿದೆ, ಅರ್ಧ ಅವರಿಗೆ ಕಳಿಸುತ್ತಿದ್ದೇನೆ ಎಂದು ಸಂತೋಷದಿಂದ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಆತು ಬಿಡ್ರಿ ಕಾಕಾ. ನಂದೂ ಪಾಸ್ ಆಗೇತಿ. ನಾಳೆ ನಾನs ಹುಬ್ಬಳ್ಳಿಗೆ ಹೊಂಟೇನಿ,” ಎಂದ. ಆ ಮೌನ ನನಗೆ ಕೇಳಿಸಿತ್ತು. ಆದರೂ ನಾನು ಏನೂ ಕೇಳಲಿಲ್ಲ. ಪಾಸ್ ಆಗಿದೆಯಲ್ಲ ಎಂದು ನಿಶ್ಚಿಂತೆಯಿಂದ ಫೋನ್ ಇಟ್ಟೆ.

ಪಾಸ್ ಆಗಿದ್ದು ಖರೆ. ಮರುದಿನ ಅವನು ಮೋಟಾರ್ ಸೈಕಲ್ ಮೇಲೆ ಮುಂಡರಗಿ ದಾಟಿ, ಗದಗ ದಾಟಿ, ಜಿಲ್ಲೆಯ ಗಡಿಯವರೆಗೂ ಹೋದ. ಅಲ್ಲಿನ ಪೊಲೀಸರು ಪಾಸನ್ನು ಓದಿ ತೋರಿಸಿದರು. ‘ಜಿಲ್ಲೆಯ ವ್ಯಾಪ್ತಿಯೊಳಗೆ ಮಾತ್ರ’ ಎಂದಿತ್ತು. ಜಿಲ್ಲೆಯೊಳಗೆ ಇಲ್ಲದ ಔಷಧವನ್ನು ಜಿಲ್ಲೆಯೊಳಗೇ ತಿರುಗಾಡಿ ತರಲು ನೀವು ಅನುಮತಿ ಕೊಟ್ಟಿದ್ದಿರಿ. ನಿಮ್ಮ ವರದಿಯ ಏಳನೆಯ ಪುಟದಲ್ಲಿ ‘ವಿಲೇವಾರಿಯಾದ ಅರ್ಜಿಗಳು: ಶೇಕಡಾ ನೂರು’ ಎಂದಿದೆ. ಆ ನೂರರಲ್ಲಿ ಇದೂ ಒಂದು. ಅವನು ಗಡಿಯಿಂದಲೇ ನಿಮ್ಮ ಕೋಶಕ್ಕೆ ಒಂಬತ್ತು ಸಲ ಫೋನ್ ಮಾಡಿದ್ದಾನೆ. ಅಂದು ಭಾನುವಾರ, ಯಾರೂ ಎತ್ತಲಿಲ್ಲ. ಬಿಸಿಲಲ್ಲಿ ಎರಡು ತಾಸು ನಿಂತು ಗಾಡಿ ತಿರುಗಿಸಿದ.

17ರ ಬೆಳಿಗ್ಗೆ ಬೀರವ್ವನ ಫೋನ್ ಬಂತು. ಮಗನ ಮುಖ, ಕಾಲು ಬಾತಿವೆ, ಮೂತ್ರ ಸರಿಯಾಗಿ ಆಗುತ್ತಿಲ್ಲ, ಮೈ ಬಿಸಿಯಾಗಿದೆ ಎಂದಳು. ಗುಳಿಗೆ ತಪ್ಪಿಸಿದ್ದಾನೆಯೇ ಎಂದು ಕೇಳಿದೆ. ಆಗ ಗೊತ್ತಾದದ್ದು. ಅವನ ಹತ್ತಿರ ಎಂಬತ್ತು ಗುಳಿಗೆ ಎಂದೂ ಇರಲಿಲ್ಲ. ಮಾರ್ಚ್ 15ಕ್ಕೆ ಅರವತ್ತು ಕೊಂಡ ಚೀಟಿ ಮನೆಯಲ್ಲಿತ್ತು. ನೂರೀನ ಕೇಳಿದ ದಿನ ಉಳಿದಿದ್ದವು ಮೂವತ್ನಾಲ್ಕು. ನನಗೆ ಇಪ್ಪತ್ತು ಕೊಟ್ಟು, ಉಳಿದ ಹದಿನಾಲ್ಕನ್ನು ದಿನಕ್ಕೆ ಒಂದೇ ಒಂದರಂತೆ ನುಂಗುತ್ತ ನಿಮ್ಮ ಪಾಸಿಗಾಗಿ ಕಾದಿದ್ದ. ನನಗೆ ಫೋನ್ ಮಾಡಿದ ಸಂಜೆ ಅವನು ನುಂಗಿದ್ದು ಕೊನೆಯದು. ನನ್ನಿಂದ ತರಿಸಿಕೊಳ್ಳೋಣ ಎಂದು ತಾಯಿ ಹೇಳಿದಾಗ, “ಕೊಟ್ಟಿದ್ದನ್ನ ಹೆಂಗ ತಿರುಗಿ ಕೇಳ್ಲಿಬೇ ಯವ್ವಾ” ಎಂದನಂತೆ.

ಅವನೇ ಕೇಳಬಹುದಿತ್ತಲ್ಲ, ಸುಳ್ಳು ಹೇಳಿದ್ದು ಅವನ ತಪ್ಪಲ್ಲವೇ ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ನಾನು ನಿಮಗಿಂತ ಹೆಚ್ಚು ಸಲ ಕೇಳಿಕೊಂಡಿದ್ದೇನೆ. ಆದರೆ ಅವನು ಸಾಯಲೆಂದು ಕೊಟ್ಟವನಲ್ಲ. ಎರಡು ದಿನದಲ್ಲಿ ಪಾಸ್ ಬರುತ್ತದೆ ಎಂಬ ಸರಕಾರದ ಮಾತನ್ನು ನಂಬಿ ಕೊಟ್ಟವನು. ಐದೇ ದಿನದ ಗುಳಿಗೆ ಉಳಿದಿದ್ದ ನನಗೆ ಕೊಟ್ಟು, ತನಗೆ ಏಳು ದಿನದ್ದು ಸಾಕು ಎಂದು ಲೆಕ್ಕ ಹಾಕಿದ. ನಿಮ್ಮ ಮಾತಿನಂತೆ ನಡೆದಿದ್ದರೆ ಅವನ ಲೆಕ್ಕ ಸರಿಯಾಗಿಯೇ ಇತ್ತು. ನಂಬಿದವನ ತಪ್ಪೋ, ನಂಬಿಸಿದವರದೋ?

ಆ ದಿನವೇ ಇದ್ದಬದ್ದ ಗುಳಿಗೆಗಳನ್ನು ಟೆಂಪೋಗೆ ಹಾಕಿದೆ. ಅವು ಹಮ್ಮಿಗಿ ಮುಟ್ಟುವ ಹೊತ್ತಿಗೆ ಅವನನ್ನು ಟಂಟಂ ಆಟೋದಲ್ಲಿ ಮಲಗಿಸಿ ಊರಿಂದ ಒಯ್ದಾಗಿತ್ತು. ಯಾವ ಆಸ್ಪತ್ರೆ ಎಂದು ನಾನು ಬರೆಯುವುದಿಲ್ಲ. ಅಲ್ಲೊಬ್ಬ ನರ್ಸಮ್ಮ ತನ್ನ ಬಾಟಲಿಯಿಂದ ಅವನಿಗೆ ನೀರು ಕುಡಿಸಿದಳು, ಆ ಋಣ ಇದೆ. ಜ್ವರ ಇದ್ದದ್ದರಿಂದ ಕೊರೊನಾ ಪರೀಕ್ಷೆಯ ವರದಿ ಬರುವವರೆಗೆ ಡಯಾಲಿಸಿಸ್ ಇಲ್ಲ ಎಂದರು. ಮೂರು ದಿನ ಬೇರೆ ಕೋಣೆಯಲ್ಲಿಟ್ಟರು. ತಾಯಿಯನ್ನು ಒಳಗೆ ಬಿಡಲಿಲ್ಲ. ಬೀರವ್ವ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು. 21ರ ಬೆಳಿಗ್ಗೆ ಕಳಕೇಶ ತೀರಿಕೊಂಡ. ಮಧ್ಯಾಹ್ನ ವರದಿ ಬಂತು, ಸೋಂಕು ಇಲ್ಲ ಎಂದು. ಅದರಿಂದಾಗಿ ಅವನು ಕೊರೊನಾ ಲೆಕ್ಕಕ್ಕೂ ಸೇರಲಿಲ್ಲ. ಕಾಗದದಲ್ಲಿ ‘ಕಿಡ್ನಿ ವೈಫಲ್ಯ’ ಎಂದು ಬರೆದರು. ಆ ಕಿಡ್ನಿ ವಿಫಲವಾಗಿರಲಿಲ್ಲ ಮಾನ್ಯರೇ. ಐವತ್ತೆರಡು ವರ್ಷದ ತಾಯಿಯ ಗಟ್ಟಿ ಕಿಡ್ನಿ ಅದು. ಅದರ ಜೋಡಿ ಇಂದಿಗೂ ಆಕೆಯ ಮೈಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಅವನ ಮಣ್ಣಿಗೆ ನನಗೆ ಹೋಗಲಾಗಲಿಲ್ಲ. ಜುಲೈಯಲ್ಲಿ ಹೋದೆ. ಬೈಯುತ್ತಾಳೆ, ಬೈಯಲಿ ಎಂದುಕೊಂಡೇ ಹೋದೆ. ಬೀರವ್ವ ಚಾಪೆ ಹಾಸಿದಳು, ಚಹಾ ಕೊಟ್ಟಳು. ನಾನು ಏನೋ ಹೇಳಲು ಹೋಗಿ ಅತ್ತೆ. ಆಕೆ ಅಳಲಿಲ್ಲ. “ನಂದೊಂದು ತುಂಡು ಅವನ ಜೋಡಿ ಮಣ್ಣಾಗ ಐತಿ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಗಡಿಯಾರ ನೋಡಿ, “ಎಂಟಾತು. ಗುಳಿಗಿ ತಗೋ ಅಣ್ಣಾ, ತಪ್ಪಸಬ್ಯಾಡ,” ಎಂದು ತಂಬಿಗೆಯಲ್ಲಿ ನೀರು ತಂದಿಟ್ಟಳು. ಆಕೆಯ ಎದುರು ಆ ಗುಳಿಗೆಯನ್ನು ನುಂಗಿದೆ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ನನಗೆ ಕೊಡಲಾರದು. ನಿಮಗಂತೂ ಯಾವ ಶಿಕ್ಷೆಯೂ ಆಗಿಲ್ಲ. ಸನ್ಮಾನವಾಗಿದ್ದನ್ನು ಪತ್ರಿಕೆಯಲ್ಲಿ ನೋಡಿದೆ.

ಮುಂದಿನ ವರ್ಷದ ಎರಡನೆಯ ಅಲೆಯಲ್ಲಿ ಹುಚ್ಚೀರಪ್ಪಜ್ಜ ಮತ್ತು ಗದಗಿನ ಶಿಕ್ಷಕಿ ಹೋದರು. ಇಬ್ಬರಿಗೂ ಲಸಿಕೆ ಸಿಕ್ಕಿರಲಿಲ್ಲ. ಅವರು ಯಾವ ವರ್ಗಕ್ಕೆ ಸೇರುತ್ತಾರೆಂದು ಕೇಳಿ ನೂರೀನ ಬರೆದ ಪತ್ರಕ್ಕೆ ಉತ್ತರವೂ ಬಂದಿರಲಿಲ್ಲ. ಅವರಿಬ್ಬರು ಕೊರೊನಾದಿಂದಲೇ ಸತ್ತದ್ದರಿಂದ ಕನಿಷ್ಠ ನಿಮ್ಮ ಲೆಕ್ಕಕ್ಕಾದರೂ ಸಿಕ್ಕರು. ಆರರಲ್ಲಿ ನಾವೀಗ ಮೂವರು. ನಮ್ಮ ಗುಳಿಗೆಯನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದು ತಿಂಗಳಿಗಾಗುವಷ್ಟು ಇಡಿ ಎಂದು ಮೂರು ಸಲ ಮನವಿ ಕೊಟ್ಟೆವು. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿದ್ದಿದೆ. ಗುಳಿಗೆ ಇನ್ನೂ ಹುಬ್ಬಳ್ಳಿಯಲ್ಲೇ ಇದೆ. ನಾಳೆ ಇನ್ನೊಂದು ಪಿಡುಗು ಬಂದರೆ ನಾವು ಮತ್ತೆ ನೋಟುಬುಕ್ಕು ತೆಗೆಯುತ್ತೇವೆ, ಅಷ್ಟೇ.

ಈ ಪತ್ರ ಬರೆಯುತ್ತೇನೆಂದು ಬೀರವ್ವನಿಗೆ ಹೇಳಿದೆ. “ಬರದ್ರ ಬರ್ತಾನೇನಣ್ಣಾ?” ಎಂದಳು. ಇದರಿಂದ ಏನಾದರೂ ಆದೀತೆಂದು ನಾನೂ ನಂಬಿಲ್ಲ. ಆದರೆ ಸುಳ್ಳೊಂದು ಸರಕಾರದ ಮುದ್ರೆ ಹೊತ್ತು ಕಪಾಟಿನಲ್ಲಿ ಕೂತಿರುವಾಗ ಸುಮ್ಮನಿರಲೂ ಆಗುತ್ತಿಲ್ಲ.

ದೊಡ್ಡದನ್ನು ಕೇಳಿ ಸಾಕಾಗಿದೆ. ಈಗ ಒಂದೇ ಕೇಳುತ್ತೇನೆ. ಒಂಬತ್ತನೆಯ ಪುಟದ ಆ ಸಾಲನ್ನು ಹೊಡೆದುಹಾಕಿ, ಅಲ್ಲಿ ಕಳಕೇಶನ ಹೆಸರು, ಊರು, ತಾರೀಖು ಬರೆಯಿರಿ. ಆಗುವುದಿಲ್ಲವೆಂದರೆ ಇನ್ನೊಂದು ದಾರಿಯಿದೆ. ನಿಮ್ಮ ವರದಿ ಹಿಡಿದುಕೊಂಡು ಹಮ್ಮಿಗಿಗೆ ಹೋಗಿ. ಈಗ ಪಾಸ್ ಬೇಕಿಲ್ಲ. ಬೀರವ್ವನಿಗೆ ಓದಲು ಬರುವುದಿಲ್ಲ. ಆಕೆಯ ಎದುರು ಕೂತು, ಔಷಧವಿಲ್ಲದೆ ಈ ಜಿಲ್ಲೆಯಲ್ಲಿ ಯಾರೂ ಸತ್ತಿಲ್ಲ ಎಂದು ನೀವೇ ಓದಿ ಹೇಳಿ. ಹೇಳಿ ಬಂದಿರೆಂದರೆ ನಾನು ಈ ಪತ್ರವನ್ನು ಹಿಂದಕ್ಕೆ ಪಡೆಯುತ್ತೇನೆ.

ಇಂತಿ,
ಉತ್ತರ ಬರುವುದಿಲ್ಲವೆಂದು ತಿಳಿದೂ ಪೂರ್ತಿ ವಿಳಾಸ ಬರೆದಿರುವ,
ಇಸಾಕ, ಟೇಲರ್
ಬಜಾರ ರಸ್ತೆ, ಲಕ್ಷ್ಮೇಶ್ವರ, ಗದಗ ಜಿಲ್ಲೆ