ಟಿಕೆಟ್ ರದ್ದಾದ ಮೇಲೂ ಬರುವವರು

ಭಾನುವಾರ, ಮಧ್ಯಾಹ್ನ

ಲಿಫ್ಟ್ ರಿಪೇರಿಯ ಮಹಾಶಯರಿಗೆ, ನಿಮ್ಮ ಮನೆಯವಳು ಮಾಡುವ ನಮಸ್ಕಾರ.

ಊರಿನವರನ್ನೆಲ್ಲ ಮೇಲೆ ಕೆಳಗೆ ಸಾಗಿಸುವ ನೀವು ಮೂರು ವರ್ಷದಿಂದ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದಂತಿದ್ದೀರಿ. ಆ ದೂರದ ಊರಿಗೆ ಹೊರಟ ದಿನ, ನೀನು ಕರೆದರೆ ಬರುತ್ತೇನೆ ಅಂದಿರಿ. ಬಂದರೆ ಬಾಗಿಲು ತೆಗೆಯುತ್ತೇನೆ ಅಂದೆ ನಾನು. ಇಬ್ಬರೂ ಮಾತಿಗೆ ತಪ್ಪುವವರಲ್ಲ, ತೊಂದರೆ ಬಂದಿರುವುದೇ ಅಲ್ಲಿ.

ಒಂದು ಗುಟ್ಟು ಹೇಳುತ್ತೇನೆ, ಸಿಟ್ಟಾಗಬೇಡಿ. ನೀವು ವಿಮಾನದ ಟಿಕೆಟ್ ತೆಗೆಯುವ ಖಾತೆಯಲ್ಲಿ ಇಂದಿಗೂ ನನ್ನ ಫೋನ್ ನಂಬರೇ ಇದೆ. ಮದುವೆಯಾದ ಹೊಸತರಲ್ಲಿ ಪ್ರೀತಿಯಿಂದ ಕೊಟ್ಟದ್ದು, ಬದಲಿಸಲು ಮರೆತಿರಿ. ಹಾಗಾಗಿ ನೀವು ಟಿಕೆಟ್ ತೆಗೆದಾಗಲೆಲ್ಲ ನನಗೆ ಸಂದೇಶ ಬರುತ್ತದೆ: ಹನ್ನೆರಡು ಸಾವಿರ ಕಿಲೋಮೀಟರ್ ದೂರ, ನೇರ ವಿಮಾನ, ಹದಿನೈದು ಗಂಟೆ. ಹೊರಡುವ ಹೊತ್ತಿಗೆ ಇನ್ನೊಂದು ಸಂದೇಶ: ಟಿಕೆಟ್ ರದ್ದು. ವಿಮಾನ ನೇರವೇ, ಸೊಟ್ಟ ನೀವು. ಅಷ್ಟು ದೂರವಿದ್ದರೂ ನಾನು ದೂರು ಹೇಳಿದವಳಲ್ಲ. ಯಾವಾಗ ಬರುತ್ತೀಯೆಂದು ಅತ್ತೆ ಫೋನಿನಲ್ಲಿ ಕೇಳಿದರೆ, ಹದಿನೈದು ಗಂಟೆಯ ಹಾರಾಟಕ್ಕೆ ಅರ್ಧ ನಿಮಿಷದ ಹಾರಿಕೆಯ ಉತ್ತರ ಕೊಟ್ಟಿರಿ.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನೀವು ಹತ್ತದ ಆ ವಿಮಾನ ಇಲ್ಲಿ ಇಳಿದು, ಟ್ಯಾಕ್ಸಿ ಊರೊಳಗೆ ಬರುವಷ್ಟು ಹೊತ್ತು ಕಳೆದ ಮೇಲೆ, ನಮ್ಮ ಕಟ್ಟಡದ ಲಿಫ್ಟ್ ತಾನಾಗಿ ನಾವಿರುವ ನಾಲ್ಕನೇ ಮಹಡಿಗೆ ಬರುತ್ತದೆ. ಬಾಗಿಲು ತೆರೆಯುತ್ತದೆ. ಒಳಗೆ ಯಾರೂ ಇಲ್ಲ. ಮೊದಲ ಸಲ ನಕ್ಕೆ. ಎರಡನೇ ಸಲ ರಿಪೇರಿಯವನನ್ನು ಕರೆಸಿದೆ. ನಿಮ್ಮ ಕಸುಬಿನವನಲ್ಲವೇ, "ಯಂತ್ರ ಚೆನ್ನಾಗಿಯೇ ಇದೆ, ನಿಮಗೆ ನಿದ್ದೆ ಸರಿಯಾಗಿ ಬರುತ್ತಿದೆಯೇ?" ಎಂದು ನನ್ನನ್ನೇ ತಪಾಸಣೆ ಮಾಡಿ ಹೋದ. ಮೂರನೇ ಸಲ ಗ್ರೀಸಿನ ವಾಸನೆ ಬಂತು, ನಿಮ್ಮ ಅಂಗಿಯದು. ಯಾವ ಸೋಪಿಗೂ ಬಗ್ಗದ ಆ ವಾಸನೆಯನ್ನು ನನಗಿಂತ ಬಲ್ಲವರುಂಟೇ?

ಈ ಗುರುವಾರ ಬೆಳಿಗ್ಗೆ ಅತ್ತೆ ಹಾಲು ತರಲು ಬಾಗಿಲು ತೆಗೆದಿದ್ದರು. ಲಿಫ್ಟ್ ಬಂದು ತೆರೆದುಕೊಂಡಿತು. ಅವರು ಹೆದರಲಿಲ್ಲ. ಆ ಖಾಲಿ ಡಬ್ಬದ ಎದುರು ನಿಂತು, "ಯಾಕೋ ಇಷ್ಟು ಸೊರಗಿದ್ದೀಯ?" ಅಂದರು. ತುಸು ಹೊತ್ತು ಏನನ್ನೋ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಕರೆಯೋವರೆಗೂ ಹೊರಗೆ ಕಾಲಿಡಲ್ವಂತೆ. ಕರೆದುಬಿಡೇ, ನಿನ್ನ ಗಂಟೇನು ಹೋಗುತ್ತೆ?" ಅಂದರು.

ಬಾಗಿಲ ಬಳಿಯ ಹಾಲನ್ನು ಎತ್ತಿಕೊಂಡು, ಕರೆಯದೆಯೇ ಒಳಗೆ ಬಂದೆ. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಅತ್ತೆ ಹೇಳಿದ್ದು ಸುಳ್ಳಲ್ಲ. ಸಲದಿಂದ ಸಲಕ್ಕೆ ಆ ವಾಸನೆ ತೆಳುವಾಗುತ್ತಿದೆ. ಹೀಗೆ ಕಂತುಕಂತಾಗಿ ಇಲ್ಲಿಗೆ ಬಂದು ತೀರಿಹೋಗುತ್ತಿದ್ದರೆ, ಅಲ್ಲಿ ಉಳಿಯುವವರು ಯಾರು, ನೀವೇ ಹೇಳಿ. ಸೋತೆ. ಕರೆಯುತ್ತಿದ್ದೇನೆ. ಈ ಸಲ ಇಡಿಯಾಗಿ ಬನ್ನಿ.

ಇತಿ,
ಬಾಗಿಲ ಹಿಂದೆಯೇ ನಿಂತಿರುವ
ನಿಮ್ಮವಳು

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ನಿನ್ನೆ ನಾನೇ ನಿಮ್ಮಲ್ಲಿಗೆಂದು ಟಿಕೆಟ್ ತೆಗೆದು ವಿಮಾನ ನಿಲ್ದಾಣದವರೆಗೂ ಹೋಗಿದ್ದೆ. ಕೊನೇ ಗಳಿಗೆಯಲ್ಲಿ ಹಮ್ಮು ಅಡ್ಡ ಬಂತು, ವಾಪಸಾದೆ. ಆಗಿನಿಂದ ಹಸಿವೆಯೇ ಇಲ್ಲ. ಅತ್ತೆ ನನ್ನ ಪಕ್ಕದಲ್ಲೇ ಕೂತು, ಇವಳು ಎಲ್ಲಿ ಹೋದಳೋ ಎಂದು ಗೊಣಗುತ್ತಿದ್ದಾರೆ. ಈ ಪತ್ರಕ್ಕಿಂತ ಮೊದಲೇ ನಿಮ್ಮ ಬಾಗಿಲಿಗೆ ಯಾರೋ ಒಬ್ಬಳು ಬಂದಿರುತ್ತಾಳೆ. ಒಳಗೆ ಕೂರಿಸಿ, ಕುಡಿಯಲು ನೀರು ಕೊಡಿ. ಹೊರಡುವಾಗ ಎರಡು ಟಿಕೆಟ್ ತೆಗೆಯಿರಿ.